ಕಂಡಿದ್ದಷ್ಟೇ ಹೇಳಿ

ನಮ್ಮೂರಿನ ಡಾಕ್ಟರ ಕೋಣೆಯೊಳಗೆ ಯಾರಿಗೂ ಕಾಯಿಲೆ ಇರುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತವನು ಹೆಸರು ಕರೆದಾಗ ಎದ್ದು, ಗೋಡೆ ಹಿಡಿದು ನಡೆದು, ಹೊಸಿಲು ದಾಟಿದ ಕೂಡಲೇ ನೆಟ್ಟಗಾಗುತ್ತಾನೆ. ಅಂಗಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂರುತ್ತಾನೆ. ಏನು ತೊಂದರೆ ಎಂದು ಕೇಳಿದರೆ, ಏನಿಲ್ಲ, ಈ ಸಲ ಹುಣಸೆಹಣ್ಣಿಗೆ ಒಳ್ಳೇ ರೇಟು ಬಂದಿದೆ ಅನ್ನುತ್ತಾನೆ. ನೋವು ಹೋಗಿರುತ್ತದೆ, ನೋವಿತ್ತು ಅನ್ನುವ ನೆನಪೂ ಹೋಗಿರುತ್ತದೆ. ನಾಡಿ ಹಿಡಿದರೆ ನಾಡಿ ಸರಿ, ಎದೆಗೆ ಸ್ಟೆಥಾಸ್ಕೋಪ್ ಇಟ್ಟರೆ ಎದೆ ಸರಿ, ಊದಿದ ಕಾಲು ಇಳಿದು ಚೊಕ್ಕವಾಗಿರುತ್ತದೆ. ಮತ್ತೆ ಹೊರಗೆ ಕಾಲಿಟ್ಟರೆ ಎಲ್ಲವೂ ಬೆಂಚಿನ ಮೇಲೆ ಬಿಟ್ಟುಹೋದ ಕೊಡೆಯ ಹಾಗೆ ಅಲ್ಲೇ ಕಾಯುತ್ತಿರುತ್ತದೆ.

ಹಿಂದೆ ಇದ್ದ ಡಾಕ್ಟರೊಬ್ಬರು ಇದು ಕೋಣೆಯ ದೋಷವಿರಬೇಕೆಂದು ಮೇಜು ಕುರ್ಚಿಗಳನ್ನು ಹೊರಗೆ ತರಿಸಿ ಬೇವಿನ ಮರದ ಕೆಳಗೆ ಹಾಕಿಸಿದರು. ಆಮೇಲೆ ಮರದ ಕೆಳಗೂ ಆರೋಗ್ಯವೋ ಆರೋಗ್ಯ. ಅವರು ವರ್ಗ ಮಾಡಿಸಿಕೊಂಡು ಹೋದರು. ತಮ್ಮ ಮೂರು ವರ್ಷದ ಸೇವೆಯಲ್ಲಿ ಒಬ್ಬನೇ ಒಬ್ಬ ರೋಗಿ ಸಿಗಲಿಲ್ಲವೆಂದು ಇದ್ದದ್ದನ್ನು ಇದ್ದಂತೆ ಮೇಲಿನವರಿಗೆ ಬರೆದರು. ಮೇಲಿನವರು ಅವರಿಗೆ ಪ್ರಶಸ್ತಿ ಕೊಟ್ಟರು.

ಹಾಗಾಗಿ ನಮ್ಮಲ್ಲಿ ಯಾರೂ ಒಬ್ಬೊಬ್ಬರೇ ಡಾಕ್ಟರ ಹತ್ತಿರ ಹೋಗುವುದಿಲ್ಲ. ಜೊತೆಗೊಬ್ಬ ಸಾಕ್ಷಿ ಹೋಗಬೇಕು. ಆ ಸಾಕ್ಷಿ ತನ್ನ ಕಣ್ಣಾರೆ ಕಂಡದ್ದನ್ನು ಮಾತ್ರ ಹೊಸಿಲಿನಿಂದಾಚೆ ಒಯ್ಯಬಲ್ಲ. ಕೇಳಿದ್ದು ಬರುವುದಿಲ್ಲ. ರೋಗಿ ಅವನ ಕಿವಿಯಲ್ಲಿ ಎಷ್ಟು ಹೇಳಿದ್ದರೂ ಒಳಗೆ ಹೋದಾಗ ಅದು ಖಾಲಿ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಕೇಳಿ ಬರೆದ ಸಾಲುಗಳು ಅಳಿಸಿಹೋಗಿ, ಕಂಡು ಬರೆದ ಸಾಲುಗಳಷ್ಟೇ ಉಳಿಯುತ್ತವೆ. ಮೊಬೈಲಿನಲ್ಲಿ ವಿಡಿಯೋ ಹಿಡಿದುಕೊಂಡು ಹೋದವರಿದ್ದಾರೆ. ಒಳಗೆ ಹಾಕಿ ತೋರಿಸಿದರೆ, ನರಳುತ್ತಿದ್ದ ಅಜ್ಜಿ ಅದರಲ್ಲಿ ಮದುವೆಮನೆಯ ಫೋಟೋಗೆ ನಿಂತವಳಂತೆ ನಗುತ್ತಿದ್ದಳು.

ಊರು ಇದಕ್ಕೆ ಹೊಂದಿಕೊಂಡಿದೆ. ಬೇರೆ ಊರುಗಳಲ್ಲಿ ಪಕ್ಕದ ಮನೆಗೆ ಇಣುಕುವವರನ್ನು ಬೈಯುತ್ತಾರಂತೆ. ನಮ್ಮಲ್ಲಿ ಅವರಿಗೆ ಹಬ್ಬದ ದಿನ ಹೋಳಿಗೆ ಕಳಿಸುತ್ತೇವೆ. ಹಿಂದೂ ಮುಂದೂ ಯಾರಿಲ್ಲದ ಡ್ರಾಯಿಂಗ್ ಮೇಷ್ಟರೊಬ್ಬರಿಗೆ ಅವರು ದಿನಾ ತಿಂಡಿ ತಿನ್ನುವ ಹೋಟೆಲಿನ ಸಪ್ಲಯರ್ ಸಾಕ್ಷಿಯಾಗಿ ಹೋಗಿದ್ದ. ಹನ್ನೊಂದು ದಿನದಿಂದ ಮೇಷ್ಟ್ರು ಇಡ್ಲಿ ಒಂದೇ ಕಡೆಯ ದವಡೆಯಲ್ಲಿ ಅಗಿಯುತ್ತಿದ್ದಾರೆ, ಎರಡನೇ ಇಡ್ಲಿ ವಾಪಸ್ ಬರುತ್ತಿದೆ ಎಂದು ಹೇಳಿದ. ಬಾಯೊಳಗಿನ ಗಂಟು ಅಷ್ಟರಿಂದಲೇ ಸಿಕ್ಕಿತು. ಮದುವೆ ಮಾತುಕತೆಯಲ್ಲೂ ಹಾಗೆಯೇ. ಎಲ್ಲ ಕಡೆ ಗಂಡಿನವರು ಹೆಣ್ಣು ನೋಡಿ ಹೋದರೆ ಮುಗಿಯಿತು. ನಮ್ಮಲ್ಲಿ ನೋಡಿಯಾದ ಮೇಲೆ ಹುಡುಗನನ್ನು ಹೊರಗೆ ಕೂರಿಸಿ ಏನು ನೋಡಿದೆ ಹೇಳು ಅನ್ನುತ್ತಾರೆ. ಹೇಳಲಾಗದಿದ್ದರೆ ಹೆಣ್ಣಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ನನ್ನನ್ನೂ ಹಾಗೆ ಕೂರಿಸಿದ್ದರು. ನಾನು ನೋಡಿದ್ದು ಉಪ್ಪಿಟ್ಟನ್ನು ಮಾತ್ರ. ಆದರೆ ಅರ್ಧ ಗಂಟೆ ಮಾತಾಡಿದೆ. ಹುಡುಗಿಯ ನಡೆ, ನುಡಿ, ನಗು, ನಾಚಿಕೆ ಅಂತ ಎಲ್ಲವನ್ನೂ ನಕಾರದಿಂದಲೇ ಶುರುಮಾಡಿ ವರ್ಣಿಸಿದ್ದಕ್ಕೆ ಹಿರಿಯರಿಂದ ಸಕಾರ ಬಂತು. ದಾಕ್ಷಾಯಣಿ ನನ್ನ ಹೆಂಡತಿಯಾದಳು.

ನನ್ನ ಹೆಸರು ಪಂಪಾಪತಿ. ಕೆಲಸ ಬಸ್ ಸ್ಟ್ಯಾಂಡಿನಲ್ಲಿ, ಮೈಕಿನ ಮುಂದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತದೆಂದು ಹೇಳುವುದು. ನನ್ನ ಕೋಣೆಗೆ ಕಿಟಕಿಯಿಲ್ಲ, ಬಸ್ಸು ಬಂತೋ ಇಲ್ಲವೋ ನನಗೆ ಕಾಣುವುದಿಲ್ಲ. ಕಾಣದ ಬಸ್ಸನ್ನು ಬಂತೆಂದು ಹೇಳುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಮೈಕು ಗೊತ್ತಿದ್ದವನಿಗೆ ಮೈ ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳುವುದು ಸುಲಭ. ಆಗ ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ದಾಕ್ಷಾಯಣಿಗೆ ಹುಷಾರಿಲ್ಲವೆಂದು ನನಗೆ ತಿಳಿದದ್ದು ಅವಳೇ ಹೇಳಿದಾಗ. ಎದೆಯಲ್ಲಿ ಬಿಗಿತ, ನಡೆದರೆ ಉಬ್ಬಸ, ಸಂಜೆಗೆ ಕಾಲು ಭಾರ. ಗ್ಯಾಸ್ಟ್ರಿಕ್ಕು ಅಂದುಕೊಂಡು ಸುಮ್ಮನಿದ್ದಳಂತೆ. ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದೆ. ಡಾಕ್ಟರ್ ಮಂದಾಕಿನಿ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಒಬ್ಬೊಬ್ಬರಿಗೆ ಏಳು ನಿಮಿಷ. ಏಳಾದ ಮೇಲೆ ಜವಾನ ಬಾಗಿಲು ತಟ್ಟಿ ಏಳಿಸುತ್ತಾನೆ. ಅವರಿಂದ ನಮಗೆ ಬೇಕಾದದ್ದು ಒಂದು ಪತ್ರ. ಆ ಪತ್ರವಿದ್ದರೆ ದೊಡ್ಡೂರಿನ ಆಸ್ಪತ್ರೆಯಲ್ಲಿ ಅದೇ ದಿನ ಹಾಸಿಗೆ ಸಿಗುತ್ತದೆ, ಅಲ್ಲಿಯ ಯಂತ್ರಗಳ ಮುಂದೆ ನಮ್ಮೂರಿನವರ ಕಾಯಿಲೆಯೂ ಎಲ್ಲರ ಕಾಯಿಲೆಯಂತೆ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಪತ್ರವಿಲ್ಲದೆ ಹೋದರೆ ಎರಡೂವರೆ ತಿಂಗಳ ಸರದಿ.

ಮೊದಲ ಸಲ ನಾನು ಬಹಳ ತಯಾರಿ ಮಾಡಿಕೊಂಡು ಹೋದೆ. ಅವಳನ್ನು ಎರಡು ಸಂಜೆ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿಸಿ ಬಾಯಿಪಾಠ ಮಾಡಿದೆ. ಕೇಳಿದ್ದು ಒಳಗೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಊರಿನವರಿಗೆಲ್ಲ ಆಗುವುದು ನನ್ನಂಥ ಮಾತುಗಾರನಿಗೆ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಒಳಗೆ ಹೋದೆವು. ಬೆವರಿ ಬಸವಳಿದಿದ್ದ ದಾಕ್ಷಾಯಣಿ ಹೊಸಿಲಾಚೆ ಹೊಸಬಳಾದಳು. ಮುಖಕ್ಕೆ ಬಣ್ಣ ಬಂತು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಏನೂ ಇರಲಿಲ್ಲ. ತಲೆಯೊಳಗೆ ಬಸ್ಸು ಹೋದ ಮೇಲಿನ ಬಸ್ ಸ್ಟ್ಯಾಂಡು.

"ನೀವು ಕಂಡಿದ್ದಷ್ಟೇ ಹೇಳಿ" ಅಂದರು ಡಾಕ್ಟರಮ್ಮ.

ಹುಡುಕಿದೆ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಬದುಕಿದ ಹೆಂಗಸಿನ ಬಗ್ಗೆ ಕಣ್ಣಾರೆ ಕಂಡದ್ದು ಏನಾದರೂ ಸಿಗುತ್ತದೆಯೇ ಎಂದು ತಡಕಾಡಿದೆ. ಒಂದೆರಡು ಸಲ ನಿಟ್ಟುಸಿರು ಬಿಟ್ಟದ್ದನ್ನು ಕಂಡಿದ್ದೇನೆ ಎಂದೆ. ಅದು ನಿಮ್ಮ ಮಾತು ಕೇಳಿ ಇರಬಹುದು ಅಂದರು. ದಾಕ್ಷಾಯಣಿ ನಕ್ಕಳು. ಜವಾನ ಬಾಗಿಲು ತಟ್ಟಿದ. ಮುಂದಿನ ಸಲದ ದಿನಾಂಕ ಬರೆದ ಚೀಟಿ ಕೈಗೆ ಬಂತು. ಹೊರಗೆ ಬಂದದ್ದೇ ಅವಳು ಬೆಂಚಿನ ಮೇಲೆ ಕುಸಿದು, ಸೆರಗಿನಿಂದ ಕತ್ತು ಒರೆಸಿಕೊಂಡು, ಏನು ಹೇಳಿದಿರಿ ಅನ್ನುವ ಹಾಗೆ ನನ್ನನ್ನು ನೋಡಿದಳು. ಒಳಗೆ ಅವಳು ಪಕ್ಕದಲ್ಲೇ ಇದ್ದಳು, ನಾನೇನೂ ಹೇಳಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನೋಡಿದಳು. ಪತಿ ಅನ್ನುವವನಿಗೆ ಯಾವುದರ ಪತ್ತೆಯೂ ಇರಲಿಲ್ಲ.

ಹದಿನೈದು ದಿನ ಇತ್ತು. ನಾನು ರಜೆ ಹಾಕಿ, ಒಂದು ನೋಟ್‌ಬುಕ್ ತೆಗೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಸಿ ಕೂತೆ. ಅವಳನ್ನೇ ದಿಟ್ಟಿಸಿದೆ. ಅವಳು ಮೊದಲ ದಿನ ಒಗ್ಗರಣೆ ಸೀಯಿಸಿದಳು. ಎರಡನೇ ದಿನ, ನೀವು ಹಿಂಗೆ ಕೂತ್ರೆ ನಂಗೆ ಉಸಿರಾಡೋಕೂ ನಾಚಿಕೆ ಆಗುತ್ತೆ ಅಂದಳು. ಕಷ್ಟವೇನೆಂದರೆ, ತೋರಿಸಬೇಕೆಂದು ಅವಳಿಗೂ ಗೊತ್ತಿತ್ತು, ತೋರಿಸಲು ಬರುತ್ತಿರಲಿಲ್ಲ. ನನ್ನ ಕಣ್ಣು ಬಿದ್ದ ಕೂಡಲೇ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನೋವು ಬಂದರೆ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಒಮ್ಮೆ ಮಾತ್ರ, ನೋಡಿ, ಈಗ ನೋಡಿ ಎಂದು ಎದೆ ಹಿಡಿದುಕೊಂಡು ನಿಂತಳು. ಅದು ನಾಟಕದ ಹುಡುಗಿ ಮೂರ್ಛೆ ಹೋಗುವ ಹಾಗೆ ಕಂಡು ಇಬ್ಬರಿಗೂ ನಗು ಬಂತು. ನಕ್ಕಿದ್ದಕ್ಕೆ ಅವಳಿಗೆ ಕೆಮ್ಮು ಹತ್ತಿತು, ಕೆಮ್ಮು ಬಂದದ್ದೇ ಅವಳು ನನಗೆ ಬೆನ್ನು ತಿರುಗಿಸಿದಳು. ಬೆನ್ನನ್ನು ಕಂಡೆ ಎಂದು ಬರೆದುಕೊಂಡೆ.

ಐದನೇ ದಿನದ ಹೊತ್ತಿಗೆ ಅವಳ ತುಟಿಯ ಬಣ್ಣ ಬೇರೆಯಾಗಿತ್ತು. ಅಥವಾ ಮೊದಲೂ ಹಾಗೇ ಇತ್ತೇನೋ, ನನಗೆ ಹೋಲಿಸಿ ನೋಡಲು ಏನೂ ಇರಲಿಲ್ಲ. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೆ ಫೋನ್ ಮಾಡಿ, ನೀನು ಹಬ್ಬಕ್ಕೆ ಬಂದಾಗ ಏನಾದರೂ ಕಂಡಿದ್ದೆಯಾ ಎಂದು ಕೇಳಿದೆ. ಅಮ್ಮ ಚೆನ್ನಾಗೇ ಇದ್ಳಲ್ಲಪ್ಪ ಅಂದಳು. ಅವಳಿಗೂ ಬೆನ್ನೇ ಕಂಡಿರಬೇಕು.

ಹಾಲಮ್ಮನನ್ನು ಕರೆಸಿದೆ. ಹಾಲಮ್ಮ ನಮ್ಮೂರಿನ ಹೆಸರಾಂತ ನೋಡುಗಿತ್ತಿ. ಸಾಕ್ಷಿ ಇಲ್ಲದವರ ಮನೆಯಲ್ಲಿ ನಾಲ್ಕೈದು ದಿನ ಇದ್ದು, ನೋಡಿ, ಡಾಕ್ಟರ ಕೋಣೆಗೆ ಬಂದು ಹೇಳಿಹೋಗುವುದು ಅವಳ ಕಸುಬು. ವಯಸ್ಸು ಎಪ್ಪತ್ತರ ಮೇಲೆ, ಕಣ್ಣು ಹದ್ದಿನದು, ಎಲೆಯಡಿಕೆ ಜಗಿಯುತ್ತ ಮೂಲೆಯಲ್ಲಿ ಕೂತರೆ ಮನೆಯ ಬೆಕ್ಕೂ ಹುಷಾರಾಗುತ್ತದೆ. ಮೂರು ದಿನ ಇದ್ದಳು. ಮೂರು ದಿನವೂ ದಾಕ್ಷಾಯಣಿ ಅವಳಿಗೆ ಒತ್ತಾಯ ಮಾಡಿ ಬಡಿಸಿದಳು, ಎಣ್ಣೆ ಹಚ್ಚಿ ತಲೆ ಬಾಚಿದಳು, ನಗುನಗುತ್ತ ಕತೆ ಹೇಳಿದಳು. ಮೂರನೇ ದಿನ ಹಾಲಮ್ಮ ತನ್ನ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಬೀದಿಯ ತಿರುವಿನಲ್ಲಿ ನಿಂತು ಅವಳು ಹೇಳಿದ್ದು ಇಷ್ಟು:

"ಅವಳು ನನ್ನನ್ನ ನೆಂಟ್ರು ಮಾಡ್ಕೊಂಬಿಟ್ಲು ಪಂಪಣ್ಣ. ನೆಂಟ್ರ ಮುಂದೆ ಯಾವ ಹೆಂಗಸು ಬೀಳ್ತಾಳೆ? ನೀನು ಅವಳ್ನ ನೋಡೋದು ಬಿಡು. ಅವಳ ಕೆಲ್ಸ ನೀನು ಮಾಡು. ಮೈ ಮುಚ್ಚಿಡ್ತಾಳೆ, ಮನೆ ಮುಚ್ಚಿಡೋಕಾಗಲ್ಲ."

ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿದಳು. ಒಳಗೆ ಹೋದ ಮೇಲೆ ದೊಡ್ಡದನ್ನು ಮೊದಲು ಹೇಳು, ಎಲ್ಲರೂ ಚಿಲ್ಲರೆಯೆಲ್ಲ ಹೇಳಿ, ಎದ್ದು ಬಾಗಿಲ ಹತ್ತಿರ ಬಂದಾಗ ದೊಡ್ಡದನ್ನು ಹೇಳುತ್ತಾರೆ, ಅಷ್ಟೊತ್ತಿಗೆ ಜವಾನ ತಟ್ಟಿರುತ್ತಾನೆ ಎಂದಳು. ಅವಳು ತಿನ್ನುವ ಮಾತು ಬಿಟ್ಟರೆ ಮೂರು ದಿನದಲ್ಲಿ ಆಡಿದ್ದು ಇಷ್ಟೇ.

ಒಂಬತ್ತನೇ ದಿನ ಬೆಳಿಗ್ಗೆ ನಾನು ಅಡುಗೆಮನೆಗೆ ನುಗ್ಗಿದೆ. ದಾಕ್ಷಾಯಣಿ ಜಗಳ ಆಡಿದಳು, ಆಮೇಲೆ ಜಗುಲಿಯ ಮೇಲೆ ಕೂತಳು. ಬೇಗ ಒಪ್ಪಿದಳಲ್ಲ ಅನ್ನುವುದೇ ನನಗೆ ಮೊದಲ ಹೆದರಿಕೆ.

ಅನ್ನಕ್ಕೆ ಇಡೋಣವೆಂದು ಅಕ್ಕಿ ಡಬ್ಬಿಗೆ ಅಟ್ಟದ ಮೇಲೆ ಕೈಹಾಕಿದೆ. ಡಬ್ಬಿ ಅಲ್ಲಿರಲಿಲ್ಲ. ಕೆಳಗೆ, ಒಲೆಯ ಕಟ್ಟೆಯ ಪಕ್ಕ, ಕೈಗೆ ಸಿಗುವಲ್ಲಿತ್ತು. ಬೇಳೆಯೂ ಅಲ್ಲೇ, ಉಪ್ಪೂ ಅಲ್ಲೇ. ಅಟ್ಟದ ಮೇಲೆ ಡಬ್ಬಿ ಇದ್ದ ಕಡೆ ಧೂಳಿನಲ್ಲಿ ಒಂದು ಉಂಗುರ ಉಳಿದಿತ್ತು, ಆ ಉಂಗುರದೊಳಗೂ ಧೂಳು ಕೂರಲು ಶುರುವಾಗಿ ಎಷ್ಟೋ ದಿನವಾಗಿತ್ತು. ಒಲೆಯ ಮುಂದೆ ಒಂದು ಸ್ಟೂಲ್. ಅದು ನಡುಮನೆಯಲ್ಲಿ ಟಿವಿಯ ಪಕ್ಕ ಹೂದಾನಿ ಹೊತ್ತುಕೊಂಡಿದ್ದ ಸ್ಟೂಲ್. ಹೂದಾನಿ ನೆಲಕ್ಕೆ ಬಂದದ್ದನ್ನು ನಾನು ಕಂಡಿದ್ದೆ, ಏನೋ ಹೊಸ ಅಲಂಕಾರ ಎಂದುಕೊಂಡಿದ್ದೆ. ನಿಂತು ಮಾಡುವ ಅಡುಗೆ ನಮ್ಮನೆಯಲ್ಲಿ ಯಾವಾಗಲೋ ಕೂತು ಮಾಡುವ ಅಡುಗೆಯಾಗಿತ್ತು. ನಾನು ಉಂಡುಕೊಂಡು ಓಡಾಡಿದ್ದೆ.

ಬಚ್ಚಲಿಗೆ ಹೋದೆ. ಬಕೆಟ್ಟಿನ ಒಳಗೆ ಅರ್ಧಕ್ಕೆ ಸರಿಯಾಗಿ ಗಡಸು ನೀರಿನ ಬಿಳಿ ಗೆರೆ. ಅದರ ಮೇಲಿನ ಅರ್ಧ ಹೊಸದರ ಹಾಗೆ ಹೊಳೆಯುತ್ತಿತ್ತು. ಅಲ್ಲಿಯವರೆಗೆ ನೀರು ಏರಿಯೇ ಇರಲಿಲ್ಲ. ಅರ್ಧರ್ಧ ಬಕೆಟ್ಟು ಹೊತ್ತಿದ್ದಾಳೆ. ಬಟ್ಟೆ ಒಣಹಾಕಲು ಮಾಳಿಗೆಯ ಮೆಟ್ಟಿಲು ಹತ್ತಿದೆ. ಮೆಟ್ಟಿಲ ಮೇಲಿನ ಧೂಳಿನಲ್ಲಿ ನನ್ನ ಹೆಜ್ಜೆಯೇ ಮೊದಲನೆಯದು. ಮಾಳಿಗೆಯ ಮೇಲೆ ಹಳೇ ಸೀರೆಯೊಂದು ಹಾಸಿತ್ತು, ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಅದರ ತುಂಬ ಸಂಡಿಗೆಯ ಗುರುತುಗಳು. ಹೋದ ಬೇಸಿಗೆಯ ಸಂಡಿಗೆ. ಇಟ್ಟುಬಂದವಳು ತರಲು ಹತ್ತಲೇ ಇಲ್ಲ. ಕಾಗೆಗಳು ಮುಗಿಸಿದ್ದವು. ಈ ಸಲ ಸಂಡಿಗೆ ಯಾಕಿಲ್ಲ ಎಂದು ನಾನು ಊಟಕ್ಕೆ ಕೂತಾಗೆಲ್ಲ ಗೊಣಗಿದ್ದೆ. ಕೆಳಗಿಳಿದು ಬಂದಾಗ ಹಿತ್ತಲ ಬಾಗಿಲಿನಿಂದ ಸೀಬೆಗಿಡದವರೆಗೆ ಬಟ್ಟೆ ಒಣಹಾಕಲು ಸೊಂಟದೆತ್ತರಕ್ಕೆ ಕಟ್ಟಿದ ಹಗ್ಗ ಕಂಡಿತು. ಅದರ ಕೆಳಗೆ ಎಷ್ಟು ಸಲ ಬಗ್ಗಿ ಹೋಗಿದ್ದೇನೆ.

ಮಂಚದ ಕೆಳಗೆ ಅವಳ ಚಪ್ಪಲಿ ಸಿಕ್ಕಿತು, ಗಟ್ಟಿಮುಟ್ಟಾಗಿತ್ತು. ಅವಳು ನನ್ನ ಹಳೇ ಚಪ್ಪಲಿ ಹಾಕಿಕೊಂಡು ತರಕಾರಿಗೆ ಹೋಗುವುದನ್ನು ನಾನು ಯುಗಾದಿಯಿಂದ ಕಾಣುತ್ತಿದ್ದೆ. ಕಂಜೂಸಿ ಎಂದು ತಮಾಷೆಯನ್ನೂ ಮಾಡಿದ್ದೆ. ಸಾಸಿವೆ ಡಬ್ಬಿಯ ಹಿಂದೆ ಗ್ಯಾಸ್ ಮಾತ್ರೆಯ ಖಾಲಿ ಪಟ್ಟಿಗಳ ಒಂದು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದು. ಬಿಸಾಡಲೂ ಇಲ್ಲ, ತೋರಿಸಲೂ ಇಲ್ಲ.

ನಾನು ಎಲ್ಲವನ್ನೂ ಬರೆದುಕೊಂಡೆ. ಯಾವುದು ಯಾವಾಗ ಎಂದು ಲೆಕ್ಕ ಹಾಕಿದೆ. ಹೂದಾನಿ ಕೆಳಗಿಳಿದದ್ದು ನಾವು ಟಿವಿ ರಿಪೇರಿಗೆ ಕೊಟ್ಟ ವಾರ. ಹಗ್ಗ ಕಟ್ಟಿದ್ದು ಸೀಬೆಗಿಡಕ್ಕೆ ಹೂ ಬಿಟ್ಟಿದ್ದಾಗ. ಮನೆ ಒಂದು ವರ್ಷದಿಂದ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ, ಅವಳ ಕೈ ಎಟುಕುವಷ್ಟಕ್ಕೆ ಬಂದು ನಿಂತಿತ್ತು. ಅದರ ನಡುವೆ ನಾನೊಬ್ಬ ಆರಡಿ ಎತ್ತರದವನು ಎಲ್ಲೂ ತಲೆ ತಾಗಿಸಿಕೊಳ್ಳದೆ ಬದುಕಿದ್ದೆ.

ಹದಿನೈದನೇ ದಿನ ಬಂತು. ಮೂರು ದಿನದಿಂದ ಅವಳು ಊಟ ಬಿಟ್ಟಿದ್ದಳು. ಆಸ್ಪತ್ರೆಗೆ ಒಂಬತ್ತು ಮೆಟ್ಟಿಲು. ರೋಗಿಗಳು ಬರುವ ಕಟ್ಟಡಕ್ಕೆ ಮೆಟ್ಟಿಲು ಇಡಿಸಿದ ಎಂಜಿನಿಯರು ಸ್ವತಃ ಒಳ್ಳೇ ಆರೋಗ್ಯವಂತನಿರಬೇಕು. ನಾಲ್ಕನೆಯದರಲ್ಲಿ ದಾಕ್ಷಾಯಣಿ ನಿಂತಳು. ಏಳನೆಯದರಲ್ಲಿ ಮತ್ತೆ ನಿಂತು ಕಂಬಿ ಹಿಡಿದಳು, ಕಂಬಿ ಹಿಡಿದ ಬೆರಳುಗಳ ಉಗುರುಗಳು ನೇರಳೆ ಬಣ್ಣಕ್ಕಿದ್ದವು. ಇದನ್ನು ನಾನು ಕಂಡೆ. ಬೆಂಚಿನ ಮೇಲೆ ಎರಡು ಗಂಟೆ ಕಾದೆವು. ನನ್ನ ಜೇಬಿನಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಚೀಲದಲ್ಲಿ ಮಾತ್ರೆಯ ಪಟ್ಟಿಗಳು. ಪಕ್ಕದಲ್ಲಿ ಕೂತಿದ್ದ ಒಬ್ಬರು ತಮ್ಮ ಅಣ್ಣನ ಮೂಲವ್ಯಾಧಿಗೆ ತಾವು ಸಾಕ್ಷಿಯೆಂದು ಹೆಮ್ಮೆಯಿಂದ ಹೇಳಿಕೊಂಡರು. ಹೇಗೆ ಕಂಡಿರಿ ಎಂದು ನಾನು ಕೇಳಲಿಲ್ಲ.

ಹೆಸರು ಕರೆದರು. ಹೊಸಿಲು ದಾಟಿದೆವು.

ಅವಳು ಕುರ್ಚಿಯಲ್ಲಿ ಕೂತ ರೀತಿಯಿಂದಲೇ ನನ್ನ ಧೈರ್ಯ ಅರ್ಧ ಹೋಯಿತು. ಎಷ್ಟು ಹಗುರವಾಗಿ ಕೂತಳು. ಕೆನ್ನೆಯಲ್ಲಿ ಕೆಂಪಿತ್ತು, ಕಾಲುಗಳು ಹುಡುಗಿಯ ಕಾಲಿನಂತೆ ತೆಳ್ಳಗಿದ್ದವು. ಫ್ಯಾನಿನ ಗಾಳಿಗೆ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಡಾಕ್ಟರಮ್ಮನ ಸೀರೆಯ ಅಂಚನ್ನು ಹೊಗಳಿದಳು. ಇವಳನ್ನು ನಾನು ನೋಡಿ ಒಂದು ವರ್ಷವಾಗಿತ್ತು, ಹೋಗಿದ್ದಾಳೆಂದು ಗೊತ್ತಾಗದೆಯೇ ಕಳೆದುಕೊಂಡಿದ್ದೆ. ಏಳು ನಿಮಿಷವನ್ನೂ ಸುಮ್ಮನೆ ನೋಡುತ್ತ ಕೂರೋಣ ಅನ್ನಿಸಿತು. ನಿಜ ಹೇಳುತ್ತೇನೆ, ಒಂದು ನಿಮಿಷ ಹಾಗೇ ಹೋಯಿತು. ಡಾಕ್ಟರಮ್ಮ ಪೆನ್ನಿನಿಂದ ಮೇಜು ತಟ್ಟಿದರು.

ಹಾಳೆ ತೆಗೆದೆ. ಒಂದು ಸಾಲೂ ಅಳಿಸಿರಲಿಲ್ಲ. ದೊಡ್ಡದು ಮೊದಲು ಎಂದು ಉಗುರಿನ ಬಣ್ಣದಿಂದ ಶುರುಮಾಡಿದೆ, ಮೆಟ್ಟಿಲು ಹೇಳಿದೆ, ಚಪ್ಪಲಿ ಹೇಳಿದೆ. ಡಾಕ್ಟರಮ್ಮ ತಲೆ ಎತ್ತದೆ ಬರೆದುಕೊಂಡರು. ಯಾವಾಗಿನಿಂದ ಅಂದರು, ದಿನಾಂಕ ಹೇಳಿದೆ. ಬಕೆಟ್ಟು, ಅಕ್ಕಿ ಡಬ್ಬಿ, ಸಂಡಿಗೆ ಎಲ್ಲ ಹೇಳಿದೆ. ಮಾತ್ರೆಯ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದೆ. ಆದರೆ ನಾನು ಒಂದೊಂದು ಹೇಳಿದಾಗಲೂ ನನ್ನ ಪಕ್ಕದ ಆರೋಗ್ಯವಂತೆ ಅದಕ್ಕೊಂದು ಸಮಜಾಯಿಷಿ ಕೊಡುತ್ತಿದ್ದಳು. ಸ್ಟೂಲು ಆರಾಮಕ್ಕೆ ಇಟ್ಟುಕೊಂಡದ್ದು. ಡಬ್ಬಿ ಕೆಳಗಿದ್ದರೆ ಅನುಕೂಲ. ಮಾಳಿಗೆಯಲ್ಲಿ ಮಂಗಗಳ ಕಾಟ. ಮಾತ್ರೆ ಯಾರದೋ ಇರಬೇಕು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಆ ಕ್ಷಣ ಅದೇ ಸತ್ಯ. ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು, ಮನೆಯಲ್ಲಿ ಇಷ್ಟು ವರ್ಷ ಮೈಕು ನನ್ನ ಕೈಯಲ್ಲೇ ಇದ್ದದ್ದರಿಂದ ನನಗೆ ಅದೂ ತಿಳಿದಿರಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನೀವು ಹೇಳಿದ್ದರಲ್ಲಿ ಅರ್ಧದಷ್ಟು, ರಕ್ತ ಕಡಿಮೆಯಾದರೂ ಆಗುತ್ತದೆ, ಥೈರಾಯಿಡ್‌ಗೂ ಆಗುತ್ತದೆ, ವಯಸ್ಸಿಗೂ ಆಗುತ್ತದೆ ಅಂದರು. ಅದಕ್ಕೆಲ್ಲ ಇಲ್ಲೇ ಮಾತ್ರೆ ಕೊಟ್ಟು ಇನ್ನೊಂದು ಸಲ ನೋಡಬಹುದು. ಹೃದಯದ್ದೇ ಎಂದು ಬರೆದು ಇವತ್ತೇ ಕಳಿಸಬೇಕೆಂದರೆ ನನಗೆ ಇನ್ನೊಂದು ವಿಷಯ ಗೊತ್ತಾಗಬೇಕು ಎಂದರು.

"ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರ್ತಾರಾ? ನೀವು ಕಂಡಿದ್ದೀರಾ?"

ನಾನು ಕಂಡಿರಲಿಲ್ಲ. ನಾನು ಮಲಗಿದರೆ ಡಿಪೋದಲ್ಲಿ ನಿಲ್ಲಿಸಿದ ಬಸ್ಸು, ಬೆಳಿಗ್ಗೆವರೆಗೆ ಅಲುಗುವುದಿಲ್ಲ. ಹೌದು ಅಂದುಬಿಡಬಹುದಿತ್ತು. ಈ ಕೋಣೆಯಲ್ಲಿ ಸುಳ್ಳಿಗೆ ತಡೆಯಿಲ್ಲ, ಕೇಳಿದ ಸತ್ಯ ಅಳಿಸಿಹೋಗುತ್ತದೆ, ಕಟ್ಟಿದ ಸುಳ್ಳು ಅಳಿಯುವುದಿಲ್ಲ. ಹಿಂದೊಬ್ಬ ಅಳಿಯ ಏನನ್ನೂ ಕಾಣದೆ ಎಲ್ಲ ಕಂಡವನಂತೆ ಹೇಳಿ, ಇಲ್ಲದ ಸಕ್ಕರೆ ಕಾಯಿಲೆಗೆ ಅತ್ತೆಗೆ ಮಾತ್ರೆ ನುಂಗಿಸಿದ್ದ. ಆಕೆ ಸಂತೆಯ ಮಧ್ಯೆ ಪ್ರಜ್ಞೆ ತಪ್ಪಿ ಬಿದ್ದು ಮತ್ತೆ ಏಳಲಿಲ್ಲ. ಅಂದಿನಿಂದ ಡಾಕ್ಟರಮ್ಮ ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನಲ್ಲ, ಉತ್ತರ ಕೊಡುವವರ ಮುಖವನ್ನು ನೋಡುತ್ತಾರೆ. ಈಗ ನನ್ನ ಮುಖ ನೋಡುತ್ತಿದ್ದರು. ಗೋಡೆ ಗಡಿಯಾರದಲ್ಲಿ ಇನ್ನೊಂದೂವರೆ ನಿಮಿಷ ಇತ್ತು. ಬಾಗಿಲಾಚೆ ಜವಾನನ ಬೂಟಿನ ಸದ್ದು ಕೇಳಿಸಿತು.

ಇಲ್ಲ, ಕಂಡಿಲ್ಲ ಎಂದೆ.

ಡಾಕ್ಟರಮ್ಮ ಮುಂದಿನ ದಿನಾಂಕದ ಚೀಟಿಯ ಕಟ್ಟನ್ನು ಹತ್ತಿರ ಎಳೆದುಕೊಂಡರು.

ನಾನು ಕಣ್ಣು ಮುಚ್ಚಿದೆ. ಮನೆಯನ್ನು ಮತ್ತೊಮ್ಮೆ ಬಾಗಿಲಿನಿಂದ ಹೊಕ್ಕೆ. ಜಗುಲಿ, ನಡುಮನೆ, ಮಲಗುವ ಕೋಣೆ. ಬೆಳಗಾಗಿದೆ, ನಾನು ಏಳುತ್ತಿದ್ದೇನೆ, ಅವಳು ಆಗಲೇ ಎದ್ದು ಹೋಗಿದ್ದಾಳೆ. ನಾನು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಚಪ್ಪಲಿ ಹುಡುಕುತ್ತೇನೆ. ಚಳಿಗಾಲದಲ್ಲಿ ಆ ಕುರ್ಚಿಯಲ್ಲಿ ಕೂರುವುದು ಎಷ್ಟು ಹಿತ. ಬೆಚ್ಚಗಿರುತ್ತದೆ. ಎಳೆಬಿಸಿಲು ಬಿದ್ದು ಬೆಚ್ಚಗಾಗಿದೆ ಎಂದುಕೊಳ್ಳುತ್ತೇನೆ.

ಆ ಕಿಟಕಿ ಪಡುವಣಕ್ಕಿದೆ.

"ಡಾಕ್ಟ್ರಮ್ಮ, ನಮ್ಮ ಕೋಣೇಲಿ ಒಂದು ಕುರ್ಚಿ ಐತೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬೆಳಿಗ್ಗೆ ನಾನು ಎದ್ದು ಅದ್ರಲ್ಲಿ ಕೂತ್ರೆ ದಿನಾ ಬೆಚ್ಚಗಿರುತ್ತೆ. ಆ ಕಡೆಯಿಂದ ಬಿಸಿಲು ಬರಲ್ಲ. ಅವಳ ದಿಂಬು ಅದರ ಬೆನ್ನಿಗೆ ಒತ್ತಿಕೊಂಡಿರುತ್ತೆ, ನಾನೇ ತೆಗೆದು ಮಂಚಕ್ಕೆ ಎಸೀತೀನಿ. ದೀಪಾವಳಿಯಿಂದ ಹಾಗೇ. ನಾನು ಕಂಡಿದ್ದು ಇಷ್ಟೇ."

ಪಕ್ಕದಲ್ಲಿ ದಾಕ್ಷಾಯಣಿ, ಮಂಚ ಇರುವಾಗ ನಾನ್ಯಾಕೆ ಕುರ್ಚಿಯಲ್ಲಿ ಮಲಗಲಿ ಎಂದು ಶುರುಮಾಡಿದಳು. ಶುರುಮಾಡಿ ನಿಲ್ಲಿಸಿದಳು. ಸಮಜಾಯಿಷಿ ಸಿಗಲಿಲ್ಲವೋ ಅಥವಾ ನನ್ನ ಮುಖ ನೋಡಿ ಬೇಡವೆನ್ನಿಸಿತೋ ತಿಳಿಯದು. ಡಾಕ್ಟರಮ್ಮನೂ ನನ್ನ ಮುಖ ನೋಡಿದರು. ಆಮೇಲೆ ಚೀಟಿಯ ಕಟ್ಟನ್ನು ಅತ್ತ ಸರಿಸಿ, ಡ್ರಾಯರಿನಿಂದ ಲೆಟರ್‌ಹೆಡ್ ತೆಗೆದು ಬರೆಯತೊಡಗಿದರು. ಜವಾನ ತಟ್ಟಿದ. ಅವರು ತಲೆಯೆತ್ತಲಿಲ್ಲ. ಮತ್ತೆ ತಟ್ಟಿದ. ನಿಲ್ಲಪ್ಪ ಅಂದರು. ಹೃದಯದ ವಾಲ್ವ್ ಇರಬಹುದು, ಅಲ್ಲಿ ಸ್ಕ್ಯಾನ್ ಮಾಡಿದರೆ ಕಾಣುತ್ತದೆ, ಇವತ್ತು ಮಧ್ಯಾಹ್ನವೇ ಹೊರಡಿ, ಉಪ್ಪು ಕಡಿಮೆ, ಭಾರ ಎತ್ತಬಾರದು, ಗ್ಯಾಸಿನ ಮಾತ್ರೆ ಇನ್ನು ಸಾಕು ಎಂದರು. ನಾನು ಒಂದೊಂದನ್ನೂ ಮತ್ತೊಮ್ಮೆ ಹೇಳಿಸಿ, ಬರೆದುಕೊಂಡು, ಓದಿ ತೋರಿಸಿದೆ. ತಡ ಆಯಿತೇ ಎಂದು ಕೇಳಿದೆ. ಇನ್ನೊಂದು ಸಲಕ್ಕೆ ಮುಂದೆ ಹಾಕಿದ್ದರೆ ತಡ ಆಗುತ್ತಿತ್ತು ಅಂದರು.

ಪತ್ರ ನನ್ನ ಜೇಬಿಗೆ ಬಂತು. ಹೊಸಿಲಿನ ಹತ್ತಿರ ದಾಕ್ಷಾಯಣಿ ಒಂದು ಗಳಿಗೆ ನಿಂತಳು. ಅವಳಿಗೆ ಒಳಗೆ ನೋವಿನ ನೆನಪಿರುವುದಿಲ್ಲ, ಆದರೆ ಹೊರಗೆ ಏನೋ ಕಾದಿದೆ ಅನ್ನುವುದು ನಮ್ಮೂರಿನವರಿಗೆಲ್ಲ ಗೊತ್ತು. ಕೂದಲನ್ನು ಇನ್ನೊಮ್ಮೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ನಾನು ಮೊದಲು ದಾಟಿ, ಆ ಕಡೆ ನಿಂತು, ಎರಡೂ ಕೈ ಚಾಚಿದೆ. ಅವಳು ದಾಟಿದಳು. ಇಡೀ ವರ್ಷದ ಭಾರ ಒಟ್ಟಿಗೆ ನನ್ನ ಕೈ ಮೇಲೆ ಬಿತ್ತು.

ಬೆಂಚಿನ ಮೇಲೆ ಕೂರಿಸಿದೆ. ಉಸಿರು ಒಂದು ಹದಕ್ಕೆ ಬರಲು ಹೊತ್ತು ಹಿಡಿಯಿತು. ಈ ಸಲ ಅವಳು ಬೆನ್ನು ತಿರುಗಿಸಲಿಲ್ಲ.

"ಕುರ್ಚಿ ವಿಷ್ಯ ನಾನು ನಿಮ್ಗೆ ಹೇಳೇ ಇರ್ಲಿಲ್ಲ" ಅಂದಳು.

"ಇಲ್ಲ, ಹೇಳಿರ್ಲಿಲ್ಲ."

"ನಿಮ್ಮ ನಿದ್ದೆ ಕೆಡುತ್ತೆ ಅಂತ."

ಅವಳ ತೋಳು ಹಿಡಿದು ಎಬ್ಬಿಸಿದೆ. ಒಂಬತ್ತು ಮೆಟ್ಟಿಲು ಇಳಿದೆವು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ, ಅಂದು ನಮಗೆ ನಲವತ್ತು ನಿಮಿಷ ಹಿಡಿಯಿತು. ಸೈಕಲ್ ಶಾಪಿನ ನೆರಳಲ್ಲಿ ನಿಂತೆವು, ಅಂಚೆ ಡಬ್ಬದ ಹತ್ತಿರ ನಿಂತೆವು, ಹಣ್ಣಿನ ಗಾಡಿಯವನು ಕೊಟ್ಟ ಬುಟ್ಟಿಯ ಮೇಲೆ ಅವಳನ್ನು ಸ್ವಲ್ಪ ಹೊತ್ತು ಕೂರಿಸಿದೆ. ಎಲ್ಲೆಲ್ಲಿ ನಿಲ್ಲಬೇಕೆಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.